ಯಾರೂ ತೊಳೆಯದ ರೂಪಾಯಿ

ಹಳೆಯ ಬೆಳ್ಳಿ ರೂಪಾಯಿ ಕೈಗೆ ಬಂದರೆ ನಮ್ಮ ಕಡೆಯ ಜನರಿಗೆ ಸುಮ್ಮನಿರಲು ಬರುವುದೇ ಇಲ್ಲ. ಅದಕ್ಕೆ ಏನಾದರೊಂದು ಮಾಡಲೇಬೇಕು, ಮಾಡಿದ ಮೇಲೆ ನನ್ನ ಹತ್ತಿರ ತರಬೇಕು!

ಮಿರಜ ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದ ಬೆಳ್ಳಿ ಅಂಗಡಿ. ಕನ್ನಡ ಮಾತಾಡುವ ಶೇಟ್ ಅಂತ ಗಡಿಯ ಹಳ್ಳಿಗಳವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ನಾಣ್ಯ ಅಸಲಿಯೋ ನಕಲಿಯೋ ಹೇಳುವುದು ನನಗೆ ಕಷ್ಟವಲ್ಲ. ತೂಕ ಸರಿಯಾಗಿ ಒಂದು ತೊಲ, ಅಂಚಿನ ಗೀರು ಸಮ, ಬೆರಳ ತುದಿಯಲ್ಲಿಟ್ಟು ತಟ್ಟಿದರೆ ಒಳ್ಳೆಯ ನಾದ. ಕಷ್ಟವಿರುವುದು ಗ್ರೇಡಿನಲ್ಲಿ. ಟಂಕಸಾಲೆಯಿಂದ ಬಂದ ಹಾಗೇ ಇದ್ದು, ಯಾರೂ ತಿಕ್ಕದೆ ತಾನಾಗಿಯೇ ಕಪ್ಪಿಟ್ಟ ನಾಣ್ಯಕ್ಕೆ ಎಲ್ಲಕ್ಕಿಂತ ಮೇಲಿನ ಗ್ರೇಡ್. ಅಂಥದ್ದೊಂದನ್ನು ಜನ್ಮದಲ್ಲಿ ಒಮ್ಮೆಯಾದರೂ ನೋಡಬೇಕೆಂದು ನನಗೆ ಆಸೆ. ನನಗಿಂತ ದೊಡ್ಡ ಆಸೆ ಕಾಕಾರದು. ಕಾಕಾ ಎಂದರೆ ರೇಲ್ವೆಯಿಂದ ನಿವೃತ್ತರಾಗಿ ಈಗ ಹಳೆಯ ನಾಣ್ಯ ಕೂಡಿಸುವ ಹುಚ್ಚು ಹಿಡಿಸಿಕೊಂಡ ಹಿರಿಯರು. ಪ್ರತಿ ಶನಿವಾರ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಕೂಗುತ್ತಾರೆ: “ಸಿಕ್ತೇನೋ ಶೇಟ?”

ಸಿಕ್ಕೀತು ಹೇಗೆ? ಕೇಳಿ.

ಹುಣಸೆಹಣ್ಣಿನ ಹೊಳಪು

ಬೇಡಗದ ರೈತನೊಬ್ಬ ಬಂದ. ಬ್ರಿಟಿಷರ ಕಾಲದ, ರಾಣಿ ಮುಖದ ರೂಪಾಯಿ. ಫಳಫಳ ಹೊಳೆಯುತ್ತಿತ್ತು, ಆದರೆ ರಾಣಿಗೆ ಮೂಗೂ ಇರಲಿಲ್ಲ, ಕಣ್ಣೂ ಇರಲಿಲ್ಲ.

“ಏನ್ ಮಾಡೀರಿ ಇದಕ್ಕ?” ಎಂದೆ.

“ಪ್ರತಿ ದೀಪಾವಳಿ ಲಕ್ಷ್ಮೀ ಪೂಜಿಗೆ ಹುಣಸಿಹಣ್ಣ, ಬೂದಿ ಹಚ್ಚಿ ತಿಕ್ಕತೀವ್ರಿ. ನಮ್ಮ ಅಜ್ಜಿ ತಿಕ್ಕ್ಯಾಳ, ನಮ್ಮವ್ವ ತಿಕ್ಕ್ಯಾಳ, ಈಗ ನನ್ನ ಹೇಣ್ತಿ ತಿಕ್ಕತಾಳ.”

ನಾಣ್ಯ ಅಸಲಿ, ಗ್ರೇಡ್ ಮಾತ್ರ ಸೊನ್ನೆ, ಕಪ್ಪಿದ್ದರೇ ಅದಕ್ಕೆ ಬೆಲೆ ಎಂದು ಬಿಡಿಸಿ ಹೇಳಿದೆ. ಅವನಿಗೆ ನನ್ನ ಮೇಲೆಯೇ ಮರುಕ ಹುಟ್ಟಿತು.

“ಶೇಟ್ರ, ನಿಮ್ಮ ಮನ್ಯಾಗ ಲಕ್ಷ್ಮೀಗೆ ಜಳಕಾನೂ ಮಾಡಸಂಗಿಲ್ಲೇನ್ರಿ?”

ಒಳಗ ಏನೈತಿ

ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯ ಸಣ್ಣ ಕಾರಖಾನೆಯೊಂದರ ಕೆಲಸಗಾರ ಇನ್ನೂ ಜಾಣ. ಫೋನಿನಲ್ಲಿ ನಾಣ್ಯದ ಚಿತ್ರ ತೋರಿಸಿದ. ನೋಡಿ ಕುರ್ಚಿಯಿಂದ ಎದ್ದು ನಿಂತೆ! ರಾಣಿಯ ಕಿರೀಟದ ಒಂದೊಂದು ಮಣಿಯೂ ಬೇರೆಬೇರೆಯಾಗಿ ಕಾಣುತ್ತಿತ್ತು.

“ನಾಳಿನ ತಗೊಂಡ ಬಾರಪಾ!” ಎಂದೆ.

ಮರುದಿನ ತಂದ. ರಾಣಿಯ ಕೆನ್ನೆಯಲ್ಲಿ ಈಚೆಯಿಂದ ಆಚೆಗೆ ತೂತು.

“ಅಸಲಿ ಹೌದೋ ಅಲ್ಲೋ ಅಂತ ನೀವು ಒದ್ದಾಡೂದು ಬ್ಯಾಡಂತ ನಾನ ಡ್ರಿಲ್ ಹೊಡದ ನೋಡೇನ್ರಿ,” ಎಂದ ಹೆಮ್ಮೆಯಿಂದ. “ಕಾಳಜಿ ಬಿಡ್ರಿ ಶೇಟ್ರ. ಒಳಗನೂ ಬೆಳ್ಳೀನ ಐತಿ!”

ಒಲೆಯ ಮೇಲಿನ ಗ್ರೇಡ್

ಮುಂದಿನ ದೀಪಾವಳಿ ಕಳೆದ ಮೇಲೆ ಬೇಡಗದ ರೈತ ಮತ್ತೆ ಬಂದ. ಮುಖದಲ್ಲಿ ಊರು ಗೆದ್ದ ಕಳೆ. ಕಾಗದ ಬಿಚ್ಚಿದರೆ ಅದೇ ಮೂಗಿಲ್ಲದ ರಾಣಿ, ಈಗ ಕಾಡಿಗೆಯಷ್ಟು ಕಪ್ಪು.

“ಕಪ್ಪಿದ್ರ ಬೆಲಿ ಅಂದಿದ್ರಲ್ರಿ? ವರ್ಷಪೂರ್ತಿ ಒಲಿ ಮ್ಯಾಲ ಕಟ್ಟೇನ್ರಿ. ರೊಟ್ಟಿ ಬಡಿಯೂ ಹೊಗಿ ಪೂರಾ ಕುಡಿಸೇನಿ. ಈಗ ಹೇಳ್ರಿ ಗ್ರೇಡ್!”

ಶನಿವಾರವಾದ್ದರಿಂದ ಕಾಕಾ ಪಕ್ಕದಲ್ಲೇ ಕುಳಿತಿದ್ದರು. ನಾಣ್ಯವನ್ನು ಮೂಗಿನ ಹತ್ತಿರ ಹಿಡಿದು, ಉಸಿರೆಳೆದು, ಹೇಳಿಯೇಬಿಟ್ಟರು:

“ಮಸ್ತ್ ಐತಿ. ಬದನಿಕಾಯಿ ಸುಟ್ಟಂಗ ಐತಿ.”

ಸಲಗರೆಯ ರಾಣಿ

ಆಮೇಲೆ ಒಂದು ದಿನ ಸಲಗರೆ ಹಳ್ಳಿಯ ವಯಸ್ಸಾದ ಹೆಂಗಸೊಬ್ಬಳು, ನಮ್ಮ ಕಡೆಯ ಮಾತಿನಲ್ಲಿ ಮಾವಶಿ, ಬಂದು ಸೆರಗಿನ ಗಂಟು ಬಿಚ್ಚಿದಳು.

“ಶೇಟ್ರ, ಹಳೀ ಮನಿ ಗ್ವಾಡಿ ಕೆಡವ್ವಾಗ ಸಿಕ್ಕೈತಿ. ಅಸಲಿ ಹೌದೋ ಅಲ್ಲೋ, ಅಷ್ಟ ಹೇಳ್ರಿ.”

ಭೂತಗನ್ನಡಿ ಹಿಡಿದೆ. ಅದೇ! ತಾನಾಗಿ ಕಪ್ಪಿಟ್ಟ ಬೆಳ್ಳಿ, ಅಂಚಿನಲ್ಲಿ ನೀಲಿ ಛಾಯೆ, ರಾಣಿಯ ಹುಬ್ಬಿನ ಕೂದಲು ಸಹ ಎಣಿಸುವ ಹಾಗಿತ್ತು. ಹುಣಸೆಹಣ್ಣು ಕಂಡಿಲ್ಲ, ಬೂದಿ ಕಂಡಿಲ್ಲ, ಹೊಗೆ ಕಂಡಿಲ್ಲ. ತೂಗಿದೆ, ತಟ್ಟಿದೆ. ಅಸಲಿ! ನನಗೆ ಕುಣಿಯಬೇಕು ಅನ್ನಿಸಿತು.

“ಮಾವಶಿ, ಅಸಲಿ ಐತ್ರಿ! ಇಂಥಾದ್ದು ನಾ ನೋಡೇ ಇಲ್ಲ. ಇದಕ್ಕ ನೀರ ತಾಕಸಬ್ಯಾಡ್ರಿ, ಕೈ ಹಚ್ಚಬ್ಯಾಡ್ರಿ, ಗಾಳೀನೂ ಬಡೀಬಾರದು!” ಎಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಟ್ಟೆ. “ಐತವಾರ ನಾನೂ ನಮ್ಮ ಕಾಕಾನೂ ನಿಮ್ಮ ಮನಿಗೆ ಬರ್ತೇವಿ.”

“ಬರ್ರಿ, ಬರ್ರಿ. ಐತವಾರ ಮನ್ಯಾಗ ಪೂಜೀನೂ ಐತಿ,” ಎಂದು ಸಂತೋಷದಿಂದ ಹೋದಳು. ಅಸಲಿ ಹೌದೋ ಅಲ್ಲೋ ಎಂದು ಆಕೆ ಯಾಕೆ ಕೇಳಿದಳು ಅಂತ ನಾನು ವಿಚಾರಿಸಲೇ ಇಲ್ಲ, ಕೊಳ್ಳುವ ಮಾತನ್ನೂ ಕಾಕಾ ಇದ್ದಾಗಲೇ ಆಡೋಣವೆಂದು ಐತವಾರಕ್ಕೆ ಬಿಟ್ಟೆ. ತಲೆ ನೆಟ್ಟಗಿದ್ದರೆ ತಾನೆ?

ಫೋನಿನಲ್ಲಿ ಸುದ್ದಿ ಕೇಳಿದ ಕಾಕಾಗೆ ಐತವಾರದವರೆಗೆ ಊಟ ಸೇರಲಿಲ್ಲ. ಆ ಭಾನುವಾರ ಇಸ್ತ್ರಿಯ ಅಂಗಿ ತೊಟ್ಟು ನನ್ನ ಗಾಡಿಯ ಹಿಂದೆ ಕುಳಿತರು. ದಾರಿಯುದ್ದಕ್ಕೂ “ಜೋರ ಹೊಡಿ, ಜೋರ ಹೊಡಿ” ಎಂದು ಬೆನ್ನು ತಟ್ಟಿದ್ದೇ ತಟ್ಟಿದ್ದು.

ಸಲಗರೆಯಲ್ಲಿ ಮಾವಶಿಯ ಹೊಸ ಮನೆ ಅರ್ಧ ಎದ್ದಿತ್ತು. ಬಾಗಿಲ ಚೌಕಟ್ಟಿಗೆ ಮಾವಿನ ತೋರಣ, ಹೊಸ್ತಿಲಿಗೆ ಅರಿಷಿಣ ಕುಂಕುಮ.

“ಪೂಜಿ ಈಗ ಮುಗೀತ್ರಿ. ಬರ್ರಿ, ಕುಂದ್ರಿ, ಶಿರಾ ತಿನ್ರಿ,” ಎಂದಳು ಮಾವಶಿ.

“ರೂಪಾಯಿ ಎಲ್ಲೈತ್ರಿ?” ಕಾಕಾಗೆ ಶಿರಾ ಕಾಣಿಸಲಿಲ್ಲ.

ಮಾವಶಿ ಹೊಸ್ತಿಲು ತೋರಿಸಿದಳು. “ಅದರ ಬುಡಕ್ರಿ! ಚೌಕಟ್ಟ ನಿಲ್ಲಸುವಾಗ ಬುಡಕ ಅಸಲಿ ಬೆಳ್ಳಿ ಇಡಬೇಕಲ್ರಿ? ನಕಲಿ ಇಟ್ರ ಮನಿಗೆ ಒಳ್ಳೇದಲ್ಲ. ಅದಕ್ಕ ಶೇಟ್ರ ಹಂತ್ಯಾಕ ತೋರಿಸಿ ಖಾತ್ರಿ ಮಾಡ್ಕೊಂಡ ಬಂದಿದ್ದೆ.”

ನಾನು ಬಗ್ಗಿ ಹೊಸ್ತಿಲ ಸಂದಿಯನ್ನು ಬೆರಳಿನಿಂದ ತಡವಿ ನೋಡಿದೆ.

“ನೀವು ಹೇಳಿದಂಗ ಮಾಡೇನ್ರಿ ಶೇಟ್ರ,” ಮಾವಶಿ ಸಮಾಧಾನ ಹೇಳಿದಳು. “ನೀರ ತಾಕಸಿಲ್ಲ, ಕೈ ಹಚ್ಚಿಲ್ಲ. ಡಬ್ಬಿ ಸಮೇತ ಇಟ್ಟ ಮ್ಯಾಲ ಸಿಮೆಂಟ ಬಡಿಸೇನಿ. ಇನ್ನ ಗಾಳೀನೂ ಬಡಿಯಂಗಿಲ್ಲ!”

ಕಾಕಾ ಮೆಲ್ಲಗೆ ಮೊಣಕಾಲೂರಿ ಹೊಸ್ತಿಲಿಗೆ ಹಣೆ ಹಚ್ಚಿಬಿಟ್ಟರು. ಸುತ್ತಲಿನ ಹೆಂಗಸರೆಲ್ಲ ಕೈ ಮುಗಿದು, “ಎಷ್ಟ ಭಕ್ತಿ ಐತಿ ನೋಡ್ರಿ ಹಿರ್ಯಾರಿಗೆ!” ಎಂದರು.

ಹಣೆ ಎತ್ತದೆಯೇ ಕಾಕಾ ನನ್ನತ್ತ ಪಿಸುಗುಟ್ಟಿದರು: “ಶೇಟ, ಯಾವ ಮಗ್ಗಲ ಮ್ಯಾಲ ಮಾಡಿ ಇಟ್ಟಾರ, ಕೇಳು.”

ಮಾವಶಿಯ ಕಿವಿ ಚುರುಕು.

“ರಾಣಿ ಮುಖಾನ ಮ್ಯಾಲ ಐತ್ರಿ, ಕಾಕಾ. ಬಂದ ಮಂದೀನ ನೋಡ್ಕೋತ ಇರ್ಲಿ ಅಂತ!”