ಇಬ್ಬರ ಅಳತೆಯ ಪಂಖಾ

ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೆ ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳಲು ಬರುವುದಿಲ್ಲ ಎಂಬುದು ಲೋಕದ ದೃಢವಾದ ನಂಬಿಕೆ. ಆದ್ದರಿಂದ ಲೋಕವೇ ಮನೆಗೆ ಬಂದು, ಸೋಫಾದ ಮೇಲೆ ಕುಳಿತು, ಚಹಾ ಕುಡಿದು ಆರಿಸಿಕೊಡುತ್ತದೆ. ಕಳೆದ ಒಂದು ವರ್ಷದಲ್ಲಿ ನನಗಾಗಿ ಎರಡು ಭಜನಾ ಮಂಡಳಿ, ಒಂದು ನಗೆಕೂಟ, ಮೂರು ಬಗೆಯ ಮಂಡಿನೋವಿನ ಎಣ್ಣೆ ಮತ್ತು ಘೋಡಬಂದರ್ ರಸ್ತೆಯ ಹದಿನೆಂಟನೆಯ ಮಹಡಿಯಲ್ಲಿ ವಾಸವಾಗಿರುವ ಒಬ್ಬ ಧ್ಯಾನಗುರುವನ್ನು ಆರಿಸಿಕೊಡಲಾಗಿದೆ. ನನಗೆ ಮಂಡಿನೋವು ಇಲ್ಲ. ಇಷ್ಟೊಂದು ಉದಾರಿಗಳ ನಡುವೆ, ನನಗೆ ನಿಜವಾಗಿ ಬೇಕಾಗಿದ್ದ ಒಂದೇ ಒಂದು ವಸ್ತುವನ್ನು ಆರಿಸಿಕೊಡುವವರು ಮಾತ್ರ ಯಾರೂ ಸಿಗಲಿಲ್ಲ. ಅದು ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್ನಿಗೆ ಹೊಂದುವ ಪ್ರೊಪೆಲ್ಲರ್.

ಡೊಂಬಿವಲಿಯ ಎರಡು ಕೋಣೆಯ ಫ್ಲ್ಯಾಟಿನವನಿಗೆ ದೋಣಿಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನಾನು ಇಂಡಿ ತಾಲೂಕಿನವನು. ನಮ್ಮ ಕಡೆ ನೀರು ಎಂದರೆ ಕೊಡದಲ್ಲಿ ಇರುವಂಥದ್ದು, ಅದರ ಮೇಲೆ ಕುಳಿತು ತಿರುಗಾಡುವಂಥದ್ದಲ್ಲ. ನನ್ನ ಹೆಂಡತಿ ವಾರಿಜಾ ಅಂಕೋಲೆಯ ಹೊಳೆದಂಡೆಯವಳು. ಅವಳ ಅಪ್ಪ ತಾರಿ ದೋಣಿಯಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದರು. ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನಿವೃತ್ತಳಾದಾಗ ಅವಳ ಜೊತೆಯವರೆಲ್ಲ ಬಳೆ ಮಾಡಿಸಿಕೊಂಡರೆ, ಇವಳು ರೇತಿಬಂದರಕ್ಕೆ ಹೋಗಿ ಮೀನುಗಾರರೊಬ್ಬರಿಂದ ಹಳೆಯ ಫೈಬರ್ ದೋಣಿಯನ್ನೂ, ಅದರ ಬೆನ್ನಿಗೆ ಕೋತಿಯ ಮರಿಯಂತೆ ಕಚ್ಚಿಕೊಂಡಿದ್ದ ಹದಿನೈದು ಕುದುರೆ ಬಲದ ಎಂಜಿನ್ನನ್ನೂ ಕೊಂಡುಕೊಂಡಳು. ಆ ಹದಿನೈದರಲ್ಲಿ ನಾಲ್ಕೈದು ಕುದುರೆ ಆಗಲೇ ಮುದಿಯಾಗಿದ್ದವು. ಪ್ರತಿ ಭಾನುವಾರ, ಊರ ಪಕ್ಕದ ಉಪ್ಪುನೀರಿನ ಖಾಡಿಗೆ ಭರತಿಯ ನೀರು ಬಂದ ಹೊತ್ತಿಗೆ ಅವಳು ಹಿಂದೆ ಕುಳಿತು ದೋಣಿ ನಡೆಸುತ್ತಿದ್ದಳು. ನಾನು ಮುಂದೆ ಕುಳಿತು ಕಡಲೆ ತಿನ್ನುತ್ತಿದ್ದೆ. ಎಂಟು ವರ್ಷ ಹೀಗೆ ನಡೆಯಿತು. ರಾಸಾಯನಿಕ ಕಾರ್ಖಾನೆಯ ಸ್ಟೋರಿನಲ್ಲಿ ಬಿಡಿಭಾಗಗಳ ನಡುವೆಯೇ ತಲೆ ನರೆಸಿಕೊಂಡ ನಾನು ಆ ಎಂಜಿನ್ನಿನ ಒಂದು ಬೋಲ್ಟಿನ ಹೆಸರನ್ನೂ ಕೇಳಲಿಲ್ಲ. "ಸ್ವಲ್ಪ ನೋಡಿ ಕಲ್ತ್ಕಳಿ, ನಂಗೆ ಎಂದಾದ್ರೂ ಜ್ವರ ಗಿರ ಬಂದ್ರೆ?" ಎಂದು ಅವಳು ಒಂದೆರಡು ಸಲ ಹೇಳಿದ್ದಳು. "ಜ್ವರ ಬಂದ್ರ ಮನ್ಯಾಗ ಮಲಗೂಣು" ಎಂದಿದ್ದೆ. ಅಷ್ಟು ಬುದ್ಧಿವಂತಿಕೆಯ ಉತ್ತರವನ್ನು ನಾನು ಮತ್ತೆಂದೂ ಕೊಟ್ಟಿಲ್ಲ.

ಅವಳು ಹೋದ ಮೇಲೆ ಸೀರೆಗಳು ಹಂಚಿಹೋದವು. ಕನ್ನಡಕವನ್ನು ಯಾರೋ ದಾನಕ್ಕೆ ಕೊಟ್ಟರು. ಅಡುಗೆಮನೆಯ ಡಬ್ಬಿಗಳನ್ನು ನಾನೇ ಅದಲುಬದಲು ಮಾಡಿದ್ದರಿಂದ ಈಗ ಸಾಸಿವೆ ಹುಡುಕಲು ಐದು ಮುಚ್ಚಳ ತೆರೆಯಬೇಕು. ಅವಳು ಬಿಟ್ಟಂತೆಯೇ ಉಳಿದದ್ದು ದೋಣಿ ಒಂದೇ. ಹಾಗೆಂದು ಅದನ್ನು ಹಾಗೆಯೇ ಬಿಡುವಷ್ಟು ಜಾಣತನ ನನ್ನಲ್ಲಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಧೈರ್ಯ ಮಾಡಿ ಒಬ್ಬನೇ ಹೊರಟೆ. ನೀರು ಇಳಿಯುವ ಹೊತ್ತು ಎಂಬುದನ್ನು ನೋಡಲಿಲ್ಲ. ದಡದಿಂದ ಇನ್ನೂರು ಅಡಿ ದೂರದಲ್ಲಿ, ಕೆಸರಿನೊಳಗೆ ಮಲಗಿದ್ದ ಹಳೆಯ ಸಿಮೆಂಟಿನ ದಿಮ್ಮಿಯೊಂದನ್ನು ಪ್ರೊಪೆಲ್ಲರಿನಿಂದಲೇ ಪತ್ತೆ ಹಚ್ಚಿದೆ. ಮೂರು ರೆಕ್ಕೆಗಳಲ್ಲಿ ಎರಡು ಮುರಿದವು, ಮೂರನೆಯದು ಹೂವಿನಂತೆ ಅರಳಿತು. ಮೇಲಿದ್ದ ಅಳತೆಯ ಅಂಕಿ ಎಂದೋ ಸವೆದುಹೋಗಿತ್ತು.

ಈ ಸುದ್ದಿ ಕಾಮೋಠೆಯಲ್ಲಿರುವ ಮಗಳು ಅನಘಾಳಿಗೆ ತಲುಪಲು ಒಂದು ಗಂಟೆಯೂ ಬೇಕಾಗಲಿಲ್ಲ. ನಾನು ಕನ್ನಡದಲ್ಲಿ ಮಾತಾಡುತ್ತೇನೆ, ಅವಳು ಹಿಂದಿಯಲ್ಲಿ ಬೈಯುತ್ತಾಳೆ. ನಮ್ಮ ಮನೆಯ ವ್ಯವಸ್ಥೆ ಹಾಗೆ. "ಪಪ್ಪಾ, ಬಹುತ್ ಹೋ ಗಯಾ. ತೈರನಾ ಭೀ ನಹೀ ಆತಾ ಆಪ್‌ಕೋ! ಬೇಚ್ ಡಾಲೋ." ಈಜು ಬಾರದವನು ದೋಣಿ ಮಾರಬೇಕು ಎಂಬ ಅವಳ ವಾದದಲ್ಲಿ ತಪ್ಪು ಹುಡುಕುವುದು ಕಷ್ಟವಾಗಿತ್ತು. ಗಿರಾಕಿಯನ್ನೂ ಅವಳೇ ಗೊತ್ತು ಮಾಡಿದ್ದಳು. ಕೊನೆಗೆ ಅವಳು ಅತ್ತ ಮೇಲೆ ಒಂದು ಒಪ್ಪಂದವಾಯಿತು: ಮುಂದಿನ ಶನಿವಾರ ಅವಳ ಕಣ್ಣೆದುರು, ಲೈಫ್ ಜಾಕೆಟ್ ಹಾಕಿಕೊಂಡು, ನಾನು ಒಬ್ಬನೇ ರೈಲು ಸೇತುವೆಯವರೆಗೆ ಹೋಗಿ ಬರಬೇಕು. ಬಂದರೆ ದೋಣಿ ನನ್ನದು. ಬಾರದಿದ್ದರೆ ಗಿರಾಕಿಯದು. ನಾನೇ ಬಾರದೆ ಹೋದರೆ ಯಾರದು ಎಂಬುದನ್ನು ನಾವು ಚರ್ಚಿಸಲಿಲ್ಲ.

ಪ್ರೊಪೆಲ್ಲರ್ ಹುಡುಕಲು ಹೊರಟಾಗ ತಿಳಿದದ್ದು, ಡೊಂಬಿವಲಿಯಲ್ಲಿ ದೋಣಿ ಕಂಡವರು ಕಡಿಮೆಯಾದರೂ ದೋಣಿಯ ತಜ್ಞರಿಗೆ ಬರವಿಲ್ಲ ಎಂದು. ಮೇಲಿನ ಮಹಡಿಯ ಕುಲಕರ್ಣಿಯವರು, ಜಲಸಾರಿಗೆಯಲ್ಲಿ ಅವರ ಅನುಭವ ಮಳೆಗಾಲದ ರಿಕ್ಷಾ ಪ್ರಯಾಣಕ್ಕೆ ಸೀಮಿತವಾಗಿದ್ದರೂ, ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡು, "ನಾಲ್ಕು ರೆಕ್ಕೆಯದ್ದೇ ತಗೊಳ್ಳಿ. ಮನೆ ಫ್ಯಾನಿಗೆ ಮೂರು ಸಾಕು, ನೀರಂದ್ರೆ ದಪ್ಪ ಅಲ್ವಾ?" ಎಂದರು. ವಾರಿಜಾ ತೀರಿಕೊಂಡ ವಾರ ಇದೇ ಕುಲಕರ್ಣಿಯವರು ಇದೇ ಮೆಟ್ಟಿಲ ಮೇಲೆ, ಇದೇ ದನಿಯಲ್ಲಿ, ದುಃಖ ಮರೆಯಲು ಮನೆಗೆ ಬಣ್ಣ ಹೊಡೆಸಬೇಕೆಂದೂ ಅದು ತಿಳಿಹಳದಿಯೇ ಆಗಿರಬೇಕೆಂದೂ ಹೇಳಿದ್ದರು. ಅವರ ಮಾತು ಕೇಳಿ ಬಣ್ಣ ಹೊಡೆಸಿದೆ. ಈಗ ಹಳದಿ ಗೋಡೆಗಳ ನಡುವೆ ಕುಳಿತು ದುಃಖಪಡುತ್ತೇನೆ.

ಕೊನೆಗೆ ಉಲ್ಹಾಸನಗರದ ಒಂದು ಗಲ್ಲಿಯಲ್ಲಿ, ನೀರೆತ್ತುವ ಪಂಪುಗಳ ರಾಶಿಯ ಹಿಂದೆ, ಬಸಣ್ಣ ಸಿಕ್ಕ. ಕಲಬುರಗಿಯವನು. ಹುಟ್ಟಿದಾಗಿನಿಂದ ಸಮುದ್ರ ನೋಡದವನು ಖಾಡಿಯ ದೋಣಿಗಳಿಗೆಲ್ಲ ವೈದ್ಯನಾಗಿದ್ದ. ಮುರಿದ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ನೋಡಿ, "ಪಂಖಾಕ್ಕ ಏನ್ ಮಾಡೀರಿ ಕಾಕಾ, ಗ್ವಾಡಿಗೆ ಹಾಯಿಸೀರೇನು?" ಎಂದ. ಆಮೇಲೆ ನನ್ನಂಥವನಿಗೂ ತಿಳಿಯುವಂತೆ ವಿವರಿಸಿದ. ಪಂಖಾ ಎಂದರೆ ನೀರಿನೊಳಗೆ ತಿರುಗುವ ಸ್ಕ್ರೂ. ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೆ ನುಗ್ಗಬೇಕೋ ಅದು ಪಿಚ್. ಪಿಚ್ ಜಾಸ್ತಿಯಾದರೆ ಎಂಜಿನ್ ಏದುಸಿರು ಬಿಡುತ್ತದೆ, ಕರಿ ಹೊಗೆ ಕಾರುತ್ತದೆ. ಕಡಿಮೆಯಾದರೆ ಹಿಡಿತವಿಲ್ಲದೆ ಕಿರುಚಾಡಿ ಸಾಯುತ್ತದೆ. ದೋಣಿಯಲ್ಲಿ ಭಾರ ಹೆಚ್ಚಿದ್ದರೆ ಪಿಚ್ ಇಳಿಸಬೇಕು, ಭಾರ ಕಡಿಮೆಯಿದ್ದರೆ ಏರಿಸಬೇಕು. "ಹಳೇ ಎಂಜಿನ್ ಅದ. ಹಳೇ ಮಂದಿ ಇದ್ಧಾಂಗ. ಜಾಸ್ತಿ ಹೊರಿಸಬಾರದು, ಖಾಲಿನೂ ಬಿಡಬಾರದು." ಅಳತೆಯ ಅಂಕಿ ಸವೆದುಹೋಗಿದ್ದರಿಂದ ಅವನು ಕೇಳಿದ್ದು ಒಂದೇ ಪ್ರಶ್ನೆ: "ದೋಣ್ಯಾಗ ದಿನಾ ಎಷ್ಟ್ ಮಂದಿ ಕುಂದರ್ತೀರಿ?"

"ಇಬ್ಬರಪಾ" ಎಂದೆ.

ಅದು ಸುಳ್ಳು ಎಂದು ಆಗ ನನಗೆ ಅನಿಸಲೇ ಇಲ್ಲ. ಸಂಸಾರದ ನಲವತ್ತೊಂದು ವರ್ಷ ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ, ರೈಲಿನ ಟಿಕೆಟ್ ಖಿಡಕಿಯಲ್ಲಿ ಎಷ್ಟು ಜನ ಎಂದು ಕೇಳಿದರೆ ಬಾಯಿ ಹೇಳಿದ ಉತ್ತರ ಅದು. ಆ ಬಾಯಿಗೆ ನನ್ನನ್ನು ಕೇಳುವ ಅಭ್ಯಾಸವಿಲ್ಲ.

ಗುರುವಾರ ಬಸಣ್ಣ ಹೊಸ ಪಂಖಾ ಹಾಕಿಕೊಟ್ಟ. ಹೊಸದು ಎಂದರೆ ಬೇರೊಬ್ಬರ ಹಳೆಯದು. ನಾನು ನಡೆಸಿದೆ, ಅವನು ಎಂಜಿನ್ ಪಕ್ಕದಲ್ಲಿ ಸುತ್ತು ಎಣಿಸುವ ಮೀಟರು ಹಿಡಿದು ಕುಳಿತ. ಪೂರಾ ಗತಿಯಲ್ಲಿ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. "ಪಾಸ್!" ಎಂದ ಬಸಣ್ಣ. ನಾನು ಮನೆಗೆ ಬಂದು, ಕುಲಕರ್ಣಿಯವರಿಗೆ ಕೇಳಿಸಲಿ ಎಂದೇ, ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿದೆ.

ಶನಿವಾರ ಅನಘಾ ಬಂದಳು. ಬಸಣ್ಣನೂ ಬಂದಿದ್ದ, ಮೀನು ಒಯ್ಯಲು ಎಂದು ಹೇಳಿಕೊಂಡು. ನಾನು ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲಿ ಹಬ್ಬದ ಆಕಾಶಬುಟ್ಟಿಯಂತೆ ಕಾಣುತ್ತ ದೋಣಿ ಹತ್ತಿದೆ. ದಡ ಬಿಟ್ಟು ಗತಿ ಹೆಚ್ಚಿಸಿದ್ದೇ ತಡ, ಎಂಜಿನ್ ಕಿರುಚತೊಡಗಿತು. ಗುರುವಾರದ ದನಿಯೇ ಅಲ್ಲ ಅದು. ಇನ್ನಷ್ಟು ಹೆಚ್ಚಿಸಿದರೆ ಇನ್ನಷ್ಟು ಕಿರುಚಿತು. ಹೆದರಿ, ಅರ್ಧ ಗತಿಯಲ್ಲಿ ತಿರುಗಿಸಿಕೊಂಡು ಬಂದೆ. ಅನಘಾ ಆಗಲೇ ಫೋನ್ ಕೈಗೆತ್ತಿಕೊಂಡಿದ್ದಳು. ಬಸಣ್ಣ ಮಾತ್ರ ದೋಣಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿದ.

"ಕಾಕಾ, ಇಬ್ಬರು ಅಂದಿದ್ರಲ್ಲ?"

"ಹೌದು."

"ಮತ್ತೊಬ್ಬರು ಎಲ್ಲಿ? ಮೊನ್ನೆ ನಾ ಕುಂತಿದ್ದೆ, ಅದಕ್ಕ ಭಾರ ಸರಿಯಾಗಿತ್ತು. ಇವತ್ತ ನೀವು ಒಬ್ರೇ ಹೋದ್ರ ಅದು ಒದರಲಾರದ ಏನ್ ಮಾಡೀತು?"

ಅನಘಾ ಫೋನ್ ಇಳಿಸಿದಳು. ಅವಳಿಗೆ ನನಗಿಂತ ಮೊದಲೇ ಅರ್ಥವಾಯಿತು. ನಾನು ಸ್ವಲ್ಪ ಹೊತ್ತು ಜಾಕೆಟ್ಟಿನ ಬಕಲ್ ಸರಿಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು. ಆಮೇಲೆ, "ಒಬ್ಬನೇ ಬಸಣ್ಣ. ಇನ್ನ ಮ್ಯಾಲೆ ಒಬ್ಬನೇ" ಎಂದೆ. ವರ್ಷದಲ್ಲಿ ಮೊದಲ ಸಲ ಹೇಳಿದ್ದು. ಭಜನಾ ಮಂಡಳಿಗಳಾಗಲಿ ಧ್ಯಾನಗುರುವಾಗಲಿ ಹೇಳಿಸದ ಮಾತನ್ನು ಒಬ್ಬ ಪಂಪ್ ಮೆಕ್ಯಾನಿಕ್ ಹೇಳಿಸಿದ.

ಬಸಣ್ಣ ಸಮಾಧಾನದ ಮಾತೇನೂ ಆಡಲಿಲ್ಲ; ಪಾಪ, ಅವನಿಗೆ ಆ ತರಬೇತಿಯಾಗಿಲ್ಲ. ಚೀಲದಿಂದ ಇನ್ನೆರಡು ಪಂಖಾ ತೆಗೆದ. "ಒಬ್ಬರೇ ಅಂದ್ರ ಪಿಚ್ ಏರಿಸಬೇಕು. ಒಂದು ಅಂಗುಲೋ, ಎರಡೋ? ನಿಮ್ಮ ತೂಕ ಎಷ್ಟ್ರಿ?" ಅರವತ್ತೆರಡು ಎಂದೆ. ಈ ವರ್ಷವೆಲ್ಲ ನನ್ನನ್ನು ನೋಡಿದವರು "ಅರ್ಧ ಆಗಿಬಿಟ್ಟಿರಿ" ಎಂದವರೇ. ನನಗೂ ಅದರಲ್ಲಿ ಒಂದು ಬಗೆಯ ಗೌರವ ಕಂಡಿತ್ತು. ಬಸಣ್ಣ ನಂಬಲಿಲ್ಲ. ಮೀನಿನ ಬುಟ್ಟಿ ತೂಗುವ ಕಾಟಾದ ಮೇಲೆ ನನ್ನನ್ನು ನಿಲ್ಲಿಸಿದ. ಎಪ್ಪತ್ತಾರು. ಕಾಟಾದ ಒಡತಿ ಬಗ್ಗಿ ಮುಳ್ಳು ನೋಡಿ, "ಅಗ ಬಾಯೀ, ಹಾ ತರ ಮೋಠಾ ಮಾಸಾ!" ಎಂದು ದೊಡ್ಡ ಮೀನು ಸಿಕ್ಕವರಂತೆ ಬೆರಗಾದಳು. ಅನಘಾ ಜೋರಾಗಿ ನಕ್ಕಳು. ಬಿಲ್ಡಿಂಗಿನವರು ಅನುಕಂಪದಿಂದ ತಂದುಕೊಟ್ಟ ಶಿರಾ, ಪೂರಿ, ಸಾಬೂದಾಣಿ ವಡೆಗಳು ಎಲ್ಲಿಗೆ ಹೋಗುತ್ತಿದ್ದವು ಎಂಬುದು ಹೀಗೆ ಸಾರ್ವಜನಿಕವಾಗಿ ಬಯಲಾಯಿತು.

"ಹಂಗಾದ್ರ ಒಂದ ಅಂಗುಲ ಸಾಕು" ಎಂದು ಬಸಣ್ಣ ಪಿನ್ ತೆಗೆದು, ನಟ್ ಬಿಚ್ಚಿ, ಹತ್ತು ನಿಮಿಷದಲ್ಲಿ ಪಂಖಾ ಬದಲಿಸಿದ. ಮತ್ತೆ ಹೊರಟೆ. ಈ ಸಲ ಎಂಜಿನ್ ಕಿರುಚಲಿಲ್ಲ, ಏದುಸಿರೂ ಬಿಡಲಿಲ್ಲ. ಸೇತುವೆಯ ಕಂಬವನ್ನು ಬೇಕಾದುದಕ್ಕಿಂತ ಬಹಳ ದೂರದಿಂದಲೇ ಸುತ್ತಿ, ದಡವನ್ನು ಬೇಕಾದುದಕ್ಕಿಂತ ಸ್ವಲ್ಪ ಜೋರಾಗಿಯೇ ಮುಟ್ಟಿದೆ. ನಾನು ಇಳಿಯುವ ಮೊದಲೇ ಅನಘಾ ಗಿರಾಕಿಗೆ ಫೋನ್ ಮಾಡಿ ದೋಣಿ ಮಾರುವುದಿಲ್ಲ ಎಂದು ಹೇಳಿಯಾಗಿತ್ತು.

ಅವಳು ನನ್ನ ಕೈ ಹಿಡಿದು ಇಳಿಸಿಕೊಂಡಳು. "ಪಪ್ಪಾ," ಎಂದಳು, ಆಮೇಲೆ ಅಪರೂಪಕ್ಕೆ ಕನ್ನಡದಲ್ಲಿ, "ಅಲ್ಲಿ ಮಮ್ಮಿ ನೆನಪು ಬಂತಾ?"

ನಿಜ ಹೇಳಬೇಕೆಂದರೆ ಬರಲಿಲ್ಲ. ಅವಳ ನೆನಪಿಗೆಂದೇ ಊರೆಲ್ಲ ಅಲೆದು ಉಳಿಸಿಕೊಂಡ ದೋಣಿಯಲ್ಲಿ, ಹೋಗುವಾಗ ಕಂಬಕ್ಕೆ ಗುದ್ದುತ್ತೇನೆಯೋ ಎಂದೂ ಬರುವಾಗ ನಿಲ್ಲಿಸುವುದು ಹೇಗೆಂದೂ ಯೋಚಿಸುತ್ತ, ವರ್ಷದಲ್ಲಿ ಮೊದಲ ಬಾರಿಗೆ ಇಪ್ಪತ್ತು ನಿಮಿಷ ನಾನು ವಾರಿಜಾಳನ್ನು ಪೂರ್ತಿ ಮರೆತಿದ್ದೆ. ಆದರೆ ಮಗಳ ಕಣ್ಣು ತುಂಬಿತ್ತು, ಬಸಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ, ಮೀನಿನವಳು ಕೂಡ ತಕ್ಕಡಿ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. "ದಾರಿಯುದ್ದಕ್ಕೂ" ಎಂದೆ.