ಲಗೇಜ್ ಡಬ್ಬಾ ಹತ್ತಿದ ಮೂರು ಕಿವಿಯ ಪ್ರಾಣಿ

ನನ್ನ ಸೋದರಮಾವನಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳುವುದಿಲ್ಲ. ಅತ್ತೆ ದಿನಾ ಹೇಳುತ್ತಾರೆ, ಸಾಕು. ಇಲ್ಲದಿದ್ದರೆ ಮಲಾಡಿನಿಂದ ಚೆಂಬೂರಿನ ನಮ್ಮ ಮನೆಗೆ ಯಾರಾದರೂ ತೆಂಗಿನಕಾಯಿ ತುರಿಯುವ ಮಣೆ ಹೊತ್ತು ಬರುತ್ತಾರೆಯೇ? ನಮ್ಮಲ್ಲಿ ತುರಿಮಣೆ ಇಲ್ಲವೆಂದಲ್ಲ. ಮಾವ ಲೋಕಲ್ ರೈಲಿನಲ್ಲಿ ಹತ್ತುವುದು ಸಾಮಾನು ಹೊತ್ತವರ ಲಗೇಜ್ ಡಬ್ಬಾ ಮಾತ್ರ. ಅದಕ್ಕೆ ಕೈಯಲ್ಲಿ ಸಾಮಾನು ಬೇಕಲ್ಲ!

ಒಮ್ಮೆ ಟಿಸಿ, "ಯೇ ಕ್ಯಾ ಲಗೇಜ್ ಹೈ?" ಎಂದು ತಡೆದನಂತೆ. ಮಾವ ಪಕ್ಕದ ಬುಟ್ಟಿಯಿಂದ ಒಂದು ಕಾಯಿ ಕೊಂಡು, ಒಡೆದು, ಅಲ್ಲೇ ಮಣೆಯ ಮೇಲೆ ಕೂತು ತುರಿದು ಅವನ ಅಂಗೈಗೆ ಹಾಕಿದರಂತೆ. ಆತ ಮೆಲ್ಲುತ್ತಾ ಇಳಿದುಹೋದ.

ಏಳು ವರ್ಷದ ನನ್ನ ಮಗಳಿಗೆ ಅವರು ಹೇಳುವ ಕಥೆಯೂ ಹಾಗೇ. ಒಂದು ಭಾನುವಾರ ಶುರು ಮಾಡಿದ್ದು ಆನೆಯ ಸೊಂಡಿಲು, ಮೀನಿನ ಬಾಲ, ಮೂರು ಕಿವಿ ಇರುವ ಪ್ರಾಣಿಯದು. ಆನೆಗಳು ಅದನ್ನು ಮೀನೆಂದು ಅಟ್ಟಿದವು, ಮೀನುಗಳು ಆನೆಯೆಂದು ಓಡಿಸಿದವು. ಅಷ್ಟರಲ್ಲಿ ಮಾವನಿಗೆ ಚಹಾ ಬಂತು, ಕಥೆ ನಿಂತಿತು.

ಆ ವಾರವೇ ಮಗಳಿಗೆ ಕಿವಿ ಕೇಳುವ ಮೆಷಿನ್ ಬಂತು. ಅದನ್ನು ಹಾಕಿಕೊಂಡು ಶಾಲೆಗೆ ಹೋಗುವುದಿಲ್ಲವೆಂದು ನಾಲ್ಕು ದಿನ ಹಟ. "ಸಬ್ ಹಸೇಂಗೆ, ಅಮ್ಮಾ. ಎಲ್ರೂ ನಗ್ತಾರೆ." ಗದರಿದೆ, ಮುದ್ದಿಸಿದೆ, ಕೊನೆಗೆ ನಾನೇ ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ಭಾನುವಾರ ಮಾವ ಬಂದರು.

"ಅಜ್ಜ, ಆ ಪ್ರಾಣಿ ಎಲ್ಲಿಗೆ ಹೋಯ್ತು?"

"ಎಲ್ಲಿಗೆ ಹೋಗುವುದು ಮಾರಾಯ್ತಿ, ಲಗೇಜ್ ಡಬ್ಬಾಕ್ಕೆ. ಅಲ್ಲಿ ನೀನು ಯಾರು ಅಂತ ಕೇಳುವುದಿಲ್ಲ, ಎಂತ ತಂದಿದ್ದೀ ಅಂತ ಮಾತ್ರ ಕೇಳುವುದು. ಅದು ಮೂರನೇ ಕಿವಿ ತೋರಿಸಿತು. ಹತ್ತು ಅಂದರು."

"ಝೂಟ್."

"ಸುಳ್ಳು ಎಂತಕ್ಕೆ? ನಾನು ಊರಿಂದ ಬಂದಾಗ ತುಳು ಬಿಟ್ಟು ಬೇರೆ ಭಾಷೆ ಬರ್ತಿರಲಿಲ್ಲ. ಬಾಯಿ ತೆರೆದರೆ ಇಡೀ ಡಬ್ಬಾ ನಗ್ತಿತ್ತು. ಲಗೇಜಿನಲ್ಲಿ ಒಬ್ಬಳು ಮೀನಿನವಳು ಬುಟ್ಟಿ ಸರಿಸಿ ಜಾಗ ಕೊಟ್ಟಳು. ಮತ್ತೆ ನಾನು ಬೇರೆ ಡಬ್ಬಾ ಹತ್ತಲಿಲ್ಲ."

ಇಷ್ಟು ವರ್ಷ ನಾವೆಲ್ಲ ಆ ತುರಿಮಣೆ ನೋಡಿ ನಕ್ಕಿದ್ದೆವು. ನನಗೆ ನಾಚಿಕೆಯಾಯಿತು.

ಸೋಮವಾರ ಮಗಳು ಎರಡು ಜಡೆ ಹಾಕಿಸಿಕೊಂಡು, ಮೆಷಿನ್ ಹಾಕಿದ ಕಿವಿ ಕಾಣುವಂತೆಯೇ ಶಾಲೆಗೆ ಹೋದಳು. ಮಧ್ಯಾಹ್ನ ನಾನು ಬಿಲ್ಡಿಂಗ್ ಗೇಟಿನಲ್ಲೇ ಕಾದಿದ್ದೆ.

"ಎಲ್ರೂ ಕೇಳಿದ್ರು, ಯೇ ಕ್ಯಾ ಹೈ ಅಂತ. ನಾನು ಹೇಳ್ದೆ, ಮೇರಾ ಲಗೇಜ್ ಹೈ. ಅಮ್ಮಾ, ಹಸಿವು."

ಬ್ಯಾಗು ಬಿಸಾಡಿ ಲಿಫ್ಟಿಗೆ ಓಡಿದಳು. ಬಿದ್ದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ನಾನೂ ಹಿಂದೆಯೇ ಓಡಿದೆ.

ಫೋನಿನಲ್ಲಿ ಇದನ್ನು ಹೇಳಿದಾಗ ಮಾವ ಮೆಲ್ಲಗೆ ಅಂದರು:

"ಹಾಗಾದರೆ ಬರುವ ಭಾನುವಾರ ನಾನೂ ಒಮ್ಮೆ ಎಲ್ಲರ ಡಬ್ಬಾದಲ್ಲಿ ಬಂದು ನೋಡ್ತೇನೆ."

ಭಾನುವಾರ ಬಾಗಿಲು ತೆರೆದರೆ ಮಾವ ಬರಿಗೈಯಲ್ಲಿ ನಿಂತಿದ್ದರು.