ಅಧಿಕಾರಿಗೆ ತೃಪ್ತಿಯಾದರೆ

ಕಾನೂನಿನ ಕರಡು ಓದಿ, ಲಂಚಕ್ಕೆ ಎಲ್ಲೆಲ್ಲಿ ದಾರಿ ಇದೆ ಎಂದು ಗುರುತು ಹಾಕುವುದು ನನ್ನ ಕೆಲಸ. ಆಫೀಸು ಮಸ್ಕತ್ತಿನ ರುವಿಯಲ್ಲಿ. ಹಳೇ ಸರ್ಕಾರ ಬಿದ್ದು ಹೊಸದು ಎದ್ದ ದೇಶಗಳಿಂದ ಕರಡುಗಳು ಬರುತ್ತವೆ. ಪ್ರತಿಯೊಂದರಲ್ಲೂ ನಗು ಬರಿಸುವಂಥದ್ದು ಒಂದಾದರೂ ಇದ್ದೇ ಇರುತ್ತದೆ. ನಕ್ಕು ಮುಗಿಸುವಷ್ಟರಲ್ಲಿ ಮೈ ಉರಿಯುತ್ತದೆ.

ಈ ಸಲ ಬಂದದ್ದು ಮೀನುಗಾರರ ದೋಣಿ ಲೈಸೆನ್ಸಿನ ಕಾನೂನು. ನನ್ನಪ್ಪ ಮಲ್ಪೆಯಲ್ಲಿ ದೋಣಿ ಇಟ್ಟಿದ್ದವರು, ಒಂದು ಸಹಿಗೆ ಕಾದು ಇಡೀ ಸೀಸನ್ ದಡದಲ್ಲೇ ಕೂತವರು. ಹಾಗಾಗಿ ಕೆಂಪು ಪೆನ್ನನ್ನು ಸ್ವಲ್ಪ ಒತ್ತಿಯೇ ಹಿಡಿದಿದ್ದೆ.

೧. ತೃಪ್ತಿ

'ಅಧಿಕಾರಿಗೆ ತೃಪ್ತಿಯಾದರೆ ಲೈಸೆನ್ಸ್ ಕೊಡತಕ್ಕದ್ದು' ಎಂದಿತ್ತು. "ತೃಪ್ತಿ ಎಂದರೇನು? ಸ್ಪಷ್ಟಪಡಿಸಿ" ಎಂದು ಬರೆದು ವಾಪಸ್ ಕಳಿಸಿದೆ. ಮೂರು ವಾರ ಕಳೆದು ತಿದ್ದುಪಡಿ ಬಂತು: 'ಅಧಿಕಾರಿಗೆ ಸಂಪೂರ್ಣ ತೃಪ್ತಿಯಾದರೆ.'

ಸಂಜೆ ದಾರ್ಸೈಟ್‌ನ ಮನೆಯಲ್ಲಿ ಹೆಂಡತಿಗೆ ಹೇಳಿದೆ. "ನೀವು ಯಾಕೆ ಕೇಳಲಿಕ್ಕೆ ಹೋದದ್ದು ಮಾರಾಯ್ರೆ? ರೇಟು ಏರಿಸಿಬಿಟ್ಟಿರಲ್ಲ" ಎಂದಳು.

೨. ಫಾರಂ

ಲೈಸೆನ್ಸಿಗೆ ನಿಗದಿತ ಫಾರಂನಲ್ಲೇ ಅರ್ಜಿ ಹಾಕಬೇಕು. ಆ ಫಾರಂ ಸಿಗುವುದು ಲೈಸೆನ್ಸ್ ಇದ್ದವರಿಗೆ ಮಾತ್ರ. ಕರಡು ಬರೆದವರು ಅಲ್ಲಿ ಲೈಸೆನ್ಸ್ ಕೊಡುವ ಅಧಿಕಾರಿಯೇ; ಅವರನ್ನು ವಿಡಿಯೋ ಕಾಲ್‌ನಲ್ಲಿ ಹಿಡಿದೆ.

"ಹಾಗಾದರೆ ಹೊಸ ಮೀನುಗಾರ ಏನು ಮಾಡಬೇಕು?"

ಅವರು ತಣ್ಣಗೆ ಹೇಳಿದರು: "ಅದಕ್ಕೇ ಅಲ್ಲವೇ ಸರ್ ನಾವಿರುವುದು?"

೩. ದೂರು

ಕೊನೆಯ ಮಾತುಕತೆಗೆ ಕರಡು ಬರೆದ ಆ ಅಧಿಕಾರಿಯೇ ಮಸ್ಕತ್ತಿಗೆ ಬಂದರು. ಲೈಸೆನ್ಸ್ ಕೊಡುವ ಅಧಿಕಾರಿಯ ಮೇಲೆ ದೂರು ಕೊಟ್ಟರೆ ಅದನ್ನು ಆತನೇ ವಿಚಾರಿಸಬೇಕು ಎಂಬ ಕಲಮು ಇನ್ನೂ ಹಾಗೇ ಇತ್ತು.

"ಲಂಚ ತಿಂದವನ ಮೇಲಿನ ದೂರನ್ನು ಅವನೇ ಕೇಳುವುದೇ?" ಎಂದೆ. ನನ್ನ ದನಿ ಏರಿತ್ತು.

"ವಿಷಯ ಪೂರ್ತಿ ಗೊತ್ತಿರುವವನು ಅವನೊಬ್ಬನೇ ಸರ್."

ನಮ್ಮ ಮ್ಯಾನೇಜರ್ ಗಡಿಯಾರ ನೋಡಿ, "ಖಲಾಸ್, ಸಹಿ ಮಾಡಿ ಮುಗಿಸಿ" ಎಂದರು. ನಾನು ಪೆನ್ನಿನ ಕ್ಯಾಪ್ ಹಾಕಿ ಜೇಬಿಗಿಟ್ಟೆ. ಆ ಕಲಮು ಇದ್ದರೆ ನನ್ನ ಸಹಿ ಇಲ್ಲ, ಬೇಕಾದರೆ ನನ್ನನ್ನು ಊರಿಗೆ ಕಳಿಸಿ ಎಂದೆ. ಕಡೆಗೆ ಆ ಅಧಿಕಾರಿಯೇ ತಮ್ಮ ಕೈಯಾರೆ ತಿದ್ದಿದರು: 'ದೂರನ್ನು ಮೇಲಧಿಕಾರಿ ವಿಚಾರಿಸತಕ್ಕದ್ದು.'

ಹನ್ನೊಂದು ವರ್ಷದ ಕೆಲಸದಲ್ಲಿ ಅಷ್ಟು ಸಮಾಧಾನ ಆದದ್ದಿಲ್ಲ. ಖುಷಿಯಲ್ಲಿ ನಾನೇ ಅವರನ್ನು ಏರ್‌ಪೋರ್ಟಿಗೆ ಬಿಟ್ಟೆ. "ಅಷ್ಟು ಸುಲಭಕ್ಕೆ ಒಪ್ಪುತ್ತೀರಿ ಅಂದುಕೊಂಡಿರಲಿಲ್ಲ" ಎಂದೆ.

ಅವರು ಪೆಟ್ಟಿಗೆ ಇಳಿಸಿಕೊಂಡು ನನ್ನ ಕೈ ಕುಲುಕಿದರು.

"ಮುಂದಿನ ತಿಂಗಳು ನನಗೆ ಬಡ್ತಿ ಸರ್. ಆ ಮೇಲಧಿಕಾರಿ ನಾನೇ."